‘ನಾನಾ’ ಅಂದರೆ ಪೇಠೆಯಲ್ಲ: ಮಾಜಿ ಸೈನಿಕರ ಅಂಗವೈಕಲ್ಯ ಪಿಂಚಣಿಯ ಒಳಲೆಕ್ಕ

ಪುಣೆಯಲ್ಲಿ ‘ನಾನಾ’ ಅಂದರೆ ಜನರಿಗೆ ಮೊದಲು ನೆನಪಾಗುವುದು ನಾನಾ ಪೇಠೆ. ಫೌಜಿನಿಂದ ಹೊರಬಂದವರಿಗೆ ಮಾತ್ರ ಆ ಹೆಸರು ಕೇಳಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಎನ್, ಎ, ಎನ್, ಎ. ಬಿಡಿಸಿ ಹೇಳಿದರೆ ‘ನೈದರ್ ಆಟ್ರಿಬ್ಯುಟೇಬಲ್ ನಾರ್ ಅಗ್ರವೇಟೆಡ್’. ನಿನ್ನ ಈ ಕಾಯಿಲೆ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಎಂದು ಮೆಡಿಕಲ್ ಬೋರ್ಡು ಕೊಡುವ ತೀರ್ಪು ಇದು. ಈ ನಾಲ್ಕು ಅಕ್ಷರ ಬಿದ್ದ ಮೇಲೆ ಅಂಗವೈಕಲ್ಯ ಎಷ್ಟೇ ಪರ್ಸೆಂಟ್ ಇದ್ದರೂ ಅದಕ್ಕಾಗಿ ಬರಬೇಕಾದ ಪಿಂಚಣಿಯ ಬಾಗಿಲು ಮುಚ್ಚಿಕೊಳ್ಳುತ್ತದೆ.

ನಾನು ಫೌಜಿನಲ್ಲಿ ಕ್ಲರ್ಕ್ ಆಗಿದ್ದವನು. ಬಂದೂಕಿಗಿಂತ ಫೈಲು ಹಿಡಿದದ್ದೇ ಹೆಚ್ಚು. ಈಗ ಖಡಕಿಯ ಬದಿ ಮನೆ ಮಾಡಿಕೊಂಡಿದ್ದೇನೆ. ಭಾನುವಾರ ಬೆಳಗ್ಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಹುಡುಗರು (ನಲವತ್ತು ದಾಟಿದವರೂ ನನಗೆ ಹುಡುಗರೇ) ಕ್ಯಾರಿ ಬ್ಯಾಗಿನಲ್ಲಿ ಕಾಗದ ತುಂಬಿಕೊಂಡು ಬರುತ್ತಾರೆ. ಹೆಚ್ಚಿನವರು ಹಿಂಜವಡಿಯ ಐಟಿ ಕಂಪನಿಗಳ ಗೇಟಿನಲ್ಲೋ ಖರಾಡಿಯ ಯಾವುದೋ ಸೊಸೈಟಿಯಲ್ಲೋ ಸೆಕ್ಯುರಿಟಿ ಕೆಲಸಕ್ಕಿರುವವರು. ಹಾಗೆ ಬಂದವರಲ್ಲಿ ಅಥಣಿ ತಾಲ್ಲೂಕಿನ ಒಬ್ಬ ನಾಯಕ್ (ಫೌಜಿನಲ್ಲಿ ಸಿಪಾಯಿಗಿಂತ ಮೇಲಿನ ದರ್ಜೆ). 22 ವರ್ಷ ಸೇವೆ ಮುಗಿಸಿ 2022ರಲ್ಲಿ ಮನೆಗೆ ಬಂದವನು. ಕಾಗದ ಟೇಬಲ್ಲಿನ ಮೇಲಿಟ್ಟು ಅವನು ಹೇಳಿದ್ದು ಇಷ್ಟು: “ಅಣ್ಣಾರ, ಬಿಪಿ ಬಂದದ್ದು ಫೌಜಿನ್ಯಾಗ. ಗುಳಗಿ ಕೊಟ್ಟವರು ಫೌಜಿನವರು. ಕೆಟಗರಿ ಇಳಿಸಿದವರೂ ಅವರ. ಈಗ ಹೊರಗ ಬರೂ ಮುಂದ ಇದು ನಿಂದ, ನಮಗ ಸಂಬಂಧ ಇಲ್ಲ ಅಂದ್ರ ಹೆಂಗ್ರಿ?”

ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ಕೊಡಬೇಕಾದರೆ ಈ ಪಿಂಚಣಿ ಯಾವ ಲೆಕ್ಕದಲ್ಲಿ ನಡೆಯುತ್ತದೆ ಎನ್ನುವುದನ್ನು ಮೊದಲಿನಿಂದ ನೋಡಬೇಕು. ವಾಟ್ಸಾಪಿನಲ್ಲಿ ಅಮೆರಿಕದ ವಿಡಿಯೊ ನೋಡಿ ಬಂದು “ಅಲ್ಲಿ 10 ಪರ್ಸೆಂಟಿಗೂ ದುಡ್ಡು ಕೊಡ್ತಾರಂತ” ಎನ್ನುವವರೂ ಇದ್ದಾರೆ. ನಿಜ, ಅಲ್ಲಿ ಹತ್ತರ ಮೆಟ್ಟಿಲಿನಲ್ಲಿ ಪರಿಹಾರ ಸಿಗುತ್ತದೆ. ಆ ವ್ಯವಸ್ಥೆಗೂ ನಮ್ಮದಕ್ಕೂ ಸಂಬಂಧವಿಲ್ಲ. ಅಲ್ಲಿನ ಸಲಹೆ ಇಲ್ಲಿ ನಡೆಯುವುದಿಲ್ಲ.

ನಮ್ಮಲ್ಲಿ ಅಂಗವೈಕಲ್ಯ ಪಿಂಚಣಿ ಎಂದು ಕರೆಯುವುದು ಎರಡು ತುಂಡು ಸೇರಿದ ಮೊತ್ತ. ಒಂದು ಸರ್ವಿಸ್ ಎಲಿಮೆಂಟ್, ಅಂದರೆ ಸೇವೆ ಮಾಡಿದ್ದಕ್ಕೆ ಬರುವ ಭಾಗ. ಇನ್ನೊಂದು ಡಿಸೆಬಿಲಿಟಿ ಎಲಿಮೆಂಟ್, ಅಂದರೆ ದೇಹಕ್ಕಾದ ನಷ್ಟಕ್ಕೆ ಬರುವ ಭಾಗ. ಪೂರ್ತಿ ಅವಧಿ ಮುಗಿಸಿ ಬಂದವನಿಗೆ ಮಾಮೂಲಿ ಸರ್ವಿಸ್ ಪೆನ್ಶನ್ ಹೇಗೂ ಇರುತ್ತದೆ, ಅವನ ಜಗಳವೆಲ್ಲ ಎರಡನೆಯ ತುಂಡಿಗೆ. 100 ಪರ್ಸೆಂಟ್ ಅಂಗವೈಕಲ್ಯಕ್ಕೆ ಡಿಸೆಬಿಲಿಟಿ ಎಲಿಮೆಂಟ್ ಕೊನೆಯ ವೇತನದ ಶೇ 30. ಕಡಿಮೆ ಇದ್ದರೆ ಅದೇ ಪ್ರಮಾಣದಲ್ಲಿ ಕಡಿಮೆ. ವೇತನ ಎಂದರೆ ಇಲ್ಲಿ ಬೇಸಿಕ್ ಜೊತೆಗೆ ಮಿಲಿಟರಿ ಸರ್ವಿಸ್ ಪೇಯಂಥವು ಸೇರುತ್ತವೆ, ಮನೆ ಬಾಡಿಗೆ ಭತ್ಯೆ ಸೇರುವುದಿಲ್ಲ.

ಲೆಕ್ಕ ಸುಲಭವಾಗಲಿ ಎಂದು ಕೊನೆಯ ವೇತನ 40,000 ರೂಪಾಯಿ ಎಂದಿಟ್ಟುಕೊಳ್ಳೋಣ. ಬೋರ್ಡು 30 ಪರ್ಸೆಂಟ್ ಅಂಗವೈಕಲ್ಯ ಎಂದು ಬರೆದಿದೆ. 40,000ದ ಶೇ 30 ಅಂದರೆ 12,000. ಅದರ ಶೇ 30 ಅಂದರೆ 3,600. ತಿಂಗಳಿಗೆ ಇಷ್ಟೇನಾ ಎಂದು ಮುಖ ಸಣ್ಣ ಮಾಡಿಕೊಳ್ಳುವ ಮೊದಲು ಇನ್ನೊಂದು ನಿಯಮ ಕೇಳಿ. ರಕ್ಷಣಾ ಸಚಿವಾಲಯ 2001ರ ಜನವರಿ 31ರಂದು ಹೊರಡಿಸಿದ ಪತ್ರದ ಪ್ರಕಾರ 50ಕ್ಕಿಂತ ಕಡಿಮೆ ಇದ್ದರೆ 50 ಎಂದೇ ಲೆಕ್ಕ, 50ರಿಂದ 75ರವರೆಗೆ ಇದ್ದರೆ 75, ಅದರ ಮೇಲೆ ಎಷ್ಟಿದ್ದರೂ 100. ಇದನ್ನೇ ಫೌಜಿನವರು ‘ಬ್ರಾಡ್ ಬ್ಯಾಂಡಿಂಗ್’, ‘ರೌಂಡಿಂಗ್ ಆಫ್’ ಎನ್ನುವುದು. ಬೋರ್ಡಿನಲ್ಲಿ ಕುಳಿತ ಒಬ್ಬ ಡಾಕ್ಟರಿಗೆ 30 ಕಂಡದ್ದು ಇನ್ನೊಬ್ಬರಿಗೆ 40 ಕಾಣಬಹುದು, ಆ ತಕರಾರು ಬೇಡ ಎಂದೇ ಈ ಏರ್ಪಾಡು. ಹೀಗೆ 30 ಇದ್ದದ್ದು 50 ಆಗಿ 3,600 ಇದ್ದದ್ದು 6,000 ಆಗುತ್ತದೆ. ಅದರ ಮೇಲೆ ತುಟ್ಟಿಭತ್ಯೆ.

ಆ ಪತ್ರ ಮೊದಲು ಅನ್ವಯವಾಗುತ್ತಿದ್ದದ್ದು ‘ಬೋರ್ಡ್ ಔಟ್’ ಆದವರಿಗೆ ಮಾತ್ರ. ಅಂದರೆ ಕಾಯಿಲೆಯ ಕಾರಣಕ್ಕೇ ನಡುವೆ ಮನೆಗೆ ಕಳಿಸಲ್ಪಟ್ಟವರಿಗೆ. ಮೊಣಕಾಲು ಹೋದರೂ ಸ್ಟೋರಿನಲ್ಲೋ ಆಫೀಸಿನಲ್ಲೋ ಕೆಲಸ ಮಾಡುತ್ತ ಅವಧಿ ಪೂರೈಸಿದವರಿಗೆ 30 ಎಂದರೆ 30 ಅಷ್ಟೇ. ಕುಂಟುತ್ತಲೇ ಪೂರ್ತಿ ದುಡಿದವನಿಗೆ ಕಡಿಮೆ! ಇದನ್ನು ಸರಿ ಮಾಡಿದ್ದು ಸುಪ್ರೀಂ ಕೋರ್ಟ್. 2014ರ ಡಿಸೆಂಬರ್ 10ರ ರಾಮ್ ಅವತಾರ್ ಪ್ರಕರಣದ ತೀರ್ಪಿನಲ್ಲಿ, ಅವಧಿ ಮುಗಿಸಿ ನಿವೃತ್ತರಾದವರಿಗೂ ಈ ರೌಂಡಿಂಗ್ ಸಿಗಬೇಕು ಎಂದಿತು. ಆ ಒಂದು ತೀರ್ಪನ್ನು ಹಿಡಿದುಕೊಂಡು ಎಷ್ಟು ಜನ ಟ್ರಿಬ್ಯೂನಲ್ ಮೆಟ್ಟಿಲು ಹತ್ತಿದ್ದಾರೋ ಲೆಕ್ಕವಿಲ್ಲ.

ಕೆಳಗಿನ ಮಿತಿ 20 ಪರ್ಸೆಂಟ್. ಅವಧಿ ಮುಗಿಸಿ ಬರುವವನ ಅಂಗವೈಕಲ್ಯ 20ಕ್ಕಿಂತ ಕಡಿಮೆ ಎಂದು ಬೋರ್ಡು ಬರೆದರೆ ಎಲಿಮೆಂಟ್ ಇಲ್ಲ. 15 ಎಂದು ಬರೆದವರ ಪೇಚಾಟ ನೋಡಿದ್ದೇನೆ. ಬೋರ್ಡ್ ಔಟ್ ಆದವರ ವಿಷಯದಲ್ಲಿ ಮಾತ್ರ 2014ರ ಸುಖವಿಂದರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ನೇರ ತರ್ಕ ಇಟ್ಟಿತು. ಒಬ್ಬನನ್ನು ಕೆಲಸಕ್ಕೇ ಬಾರದವನೆಂದು ಮನೆಗೆ ಕಳಿಸುತ್ತೀರಿ ಎಂದ ಮೇಲೆ ಅವನ ಅಂಗವೈಕಲ್ಯ 20ರ ಮೇಲಿದೆ ಎಂದೇ ಹಿಡಿಯಬೇಕು ಎಂದಿತು.

ಇಷ್ಟು ಪರ್ಸೆಂಟಿನ ಮಾತು. ನನ್ನ ಮುಂದೆ ಕೂರುವ ಹತ್ತರಲ್ಲಿ ಎಂಟು ಜನ ಬರೀ ಇದನ್ನೇ ಕೇಳುತ್ತಾರೆ. “ಅಣ್ಣಾ, 30 ಕೊಟ್ಟಾರ, 40 ಆಗೂದಿಲ್ಲೇನ್ರಿ?” ರೌಂಡಿಂಗ್ ಬಂದ ಮೇಲೆ 30ಕ್ಕೂ 40ಕ್ಕೂ ಒಂದು ಪೈಸೆ ವ್ಯತ್ಯಾಸವಿಲ್ಲ. ಗೆಲುವು ಸೋಲು ಇರುವುದು ಪಕ್ಕದ ಕಾಲಂನಲ್ಲಿ, ಕಾರಣದ ಕಾಲಂನಲ್ಲಿ.

ಸೇನೆ ಕಾರಣಗಳನ್ನು ಐದು ಅಕ್ಷರಗಳಲ್ಲಿ ವಿಂಗಡಿಸಿದೆ. ‘ಎ’ ಎಂದರೆ ಸೇವೆಗೆ ಸಂಬಂಧವಿಲ್ಲದ ಸಹಜ ಕಾರಣ. ‘ಬಿ’ ಎಂದರೆ ಸೇವೆಯಿಂದ ಬಂದ ಅಥವಾ ಹೆಚ್ಚಾದ ಕಾಯಿಲೆ. ‘ಸಿ’ ಎಂದರೆ ಡ್ಯೂಟಿಯಲ್ಲಾದ ಅಪಘಾತ. ‘ಡಿ’ ಎಂದರೆ ಉಗ್ರರ, ಸಮಾಜಘಾತುಕರ ದಾಳಿಯಂಥವು. ‘ಇ’ ಎಂದರೆ ಯುದ್ಧ, ಗಡಿಚಕಮಕಿ, ಉಗ್ರರ ವಿರುದ್ಧದ ಕಾರ್ಯಾಚರಣೆ. ನೆಲಬಾಂಬು ಹೂಳುವಾಗ, ತೆಗೆಯುವಾಗ ಆಗುವ ಸ್ಫೋಟವೂ ಇದರಲ್ಲೇ ಬರುತ್ತದೆ. ‘ಬಿ’, ‘ಸಿ’ಗಳಿಗೆ ಸಿಗುವುದು ಮೇಲೆ ಹೇಳಿದ ಶೇ 30ರ ಲೆಕ್ಕ. ‘ಇ’ಗೆ ಸಿಗುವುದು ವಾರ್ ಇಂಜುರಿ ಪೆನ್ಶನ್. ಬೋರ್ಡ್ ಔಟ್ ಆದರೆ ಅಲ್ಲಿ 100 ಪರ್ಸೆಂಟಿಗೆ ಕೊನೆಯ ವೇತನದಷ್ಟೇ ಮೊತ್ತ, ಸೇವೆಯಲ್ಲಿ ಉಳಿದು ಆಮೇಲೆ ನಿವೃತ್ತನಾದರೆ ಶೇ 60.

ಅದೇ 40,000, ರೌಂಡಿಂಗ್ ಆದ ಅದೇ 50 ಪರ್ಸೆಂಟ್ ಇಟ್ಟು ನೋಡಿ. ಯೂನಿಟ್ಟಿನ ಗಾಡಿ ಪಲ್ಟಿಯಾಗಿ ಕಾಲು ಹೋಗಿ ಬೋರ್ಡ್ ಔಟ್ ಆದವನಿಗೆ ಆ ತುಂಡು 6,000. ಗಡಿಯಲ್ಲಿ ನೆಲಬಾಂಬಿನಿಂದ ಅದೇ ಕಾಲು ಹೋಗಿ ಬೋರ್ಡ್ ಔಟ್ ಆದವನಿಗೆ 20,000. ನೋವು ಒಂದೇ, ಊರುಗೋಲು ಒಂದೇ, ವಾನವಡಿಯ ಕೃತಕ ಅಂಗ ಕೇಂದ್ರದಲ್ಲಿ ಕಾಲಿಗೆ ಅಳತೆ ತೆಗೆದುಕೊಳ್ಳುವ ಬೆಂಚು ಕೂಡ ಒಂದೇ. ಈ ವ್ಯತ್ಯಾಸ ಸರಿಯೇ ತಪ್ಪೇ ಎಂದು ನನ್ನನ್ನು ಕೇಳಿದರೆ, ಯುದ್ಧದ ಗಾಯಕ್ಕೆ ಮಾನ ಹೆಚ್ಚಿರಲಿ, ಆದರೆ ಹೊಟ್ಟೆಯ ಲೆಕ್ಕದಲ್ಲಿ ಇಷ್ಟು ದೂರ ಇರಬಾರದಿತ್ತು ಎನ್ನುತ್ತೇನೆ. ಕೇಳುವವರು ಯಾರು, ಅದು ಬೇರೆ ಮಾತು.

ಗಾಯದ ವಿಷಯದಲ್ಲಿ ಕಾರಣ ತಿಳಿಯುವುದು ಅಷ್ಟು ಕಷ್ಟವಲ್ಲ. ಗಾಯವಾದಾಗ ಇಂಜುರಿ ರಿಪೋರ್ಟ್ ಆಗುತ್ತದೆ, ಬೇಕಿದ್ದರೆ ಕೋರ್ಟ್ ಆಫ್ ಎಂಕ್ವೈರಿ ನಡೆಯುತ್ತದೆ, ಆಗ ಡ್ಯೂಟಿಯಲ್ಲಿದ್ದನೇ ಇಲ್ಲವೇ ಎಂದು ಕಮಾಂಡಿಂಗ್ ಆಫೀಸರ್ ಬರೆಯುತ್ತಾರೆ. ಡ್ಯೂಟಿ ಎಂದರೆ ಬರೀ ಸೆಂಟ್ರಿ ನಿಲ್ಲುವುದಲ್ಲ. ಯೂನಿಟ್ ಏರ್ಪಡಿಸಿದ ಫುಟ್‌ಬಾಲ್ ಮ್ಯಾಚ್, ಪಿಟಿ ಎಲ್ಲವೂ ಅದರಲ್ಲಿ ಬರುತ್ತವೆ. ರಜೆಗೆ ಹೋಗುವ ಬರುವ ದಾರಿಯೂ ಬರುತ್ತದೆ. ಆದರೆ ನಿಯಮದಲ್ಲಿ ‘ಸರ್ಕಾರಿ ಖರ್ಚಿನ ಪ್ರಯಾಣ’ ಎಂಬ ಮಾತಿತ್ತು. ಕ್ಯಾಶುವಲ್ ರಜೆಯಲ್ಲಿ ಸ್ವಂತ ಖರ್ಚಿನಿಂದ ಊರಿಗೆ ಹೊರಟು ದಾರಿಯಲ್ಲಿ ಗಾಯಗೊಂಡ ಮದನ್ ಸಿಂಗ್ ಶೆಖಾವತ್ ಎಂಬ ಸೈನಿಕನಿಗೆ ಇದೇ ಮಾತು ತೋರಿಸಿ ಪಿಂಚಣಿ ನಿರಾಕರಿಸಿದ್ದರು. ಟಿಕೆಟ್ಟಿನ ದುಡ್ಡು ಯಾರು ಕೊಟ್ಟರು ಎಂಬುದರ ಮೇಲೆ ಡ್ಯೂಟಿ ನಿರ್ಧಾರವಾಗಬಾರದು ಎಂಬ ಅರ್ಥದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಹಾಗೆಂದು ರಜೆಯಲ್ಲಿ ಏನೇ ಆದರೂ ಪಿಂಚಣಿ ಸಿಗುತ್ತದೆ ಎಂದುಕೊಳ್ಳಬೇಡಿ. ಊರಲ್ಲಿ ಸ್ವಂತ ಕೆಲಸಕ್ಕೆ ಗಾಡಿಯಲ್ಲಿ ಹೋಗಿ ಬಿದ್ದವರು ಅದೇ ಕೋರ್ಟಿನಲ್ಲಿ ಸೋತಿದ್ದೂ ಇದೆ. ಸೇವೆಗೂ ಗಾಯಕ್ಕೂ ಒಂದು ಎಳೆಯಾದರೂ ಸಂಬಂಧ ತೋರಿಸಲೇಬೇಕು.

ಕಾಯಿಲೆಯ ಕತೆ ಬೇರೆ. ಬಿಪಿ, ಸಕ್ಕರೆ, ಮೂರ್ಛೆ, ಮಾನಸಿಕ ತೊಂದರೆ ಯಾವ ದಿನ ಶುರುವಾದವು ಎಂದು ಯಾರು ಹೇಳಬೇಕು? ನ್ಯಾಯ ಇಲ್ಲಿ ಸೈನಿಕನ ಕಡೆಗೆ ಸ್ವಲ್ಪ ವಾಲಿಕೊಂಡೇ ಹುಟ್ಟಿದೆ. ಈ ಪಿಂಚಣಿ ಯಾರಿಗೆ ಸಲ್ಲಬೇಕು ಎಂದು ತೀರ್ಮಾನಿಸುವ 1982ರ ಎಂಟೈಟಲ್‌ಮೆಂಟ್ ರೂಲ್ಸ್ ಹೇಳಿದ್ದು ಹೀಗೆ. ಭರ್ತಿಯಾಗುವಾಗ ಮೆಡಿಕಲ್ ಮಾಡಿ ತೆಗೆದುಕೊಂಡಿದ್ದೀರಿ, ಆಗ ಕಾಗದದಲ್ಲಿ ಯಾವ ರೋಗವನ್ನೂ ಬರೆದಿಲ್ಲ ಎಂದ ಮೇಲೆ ಅವನು ಆರೋಗ್ಯವಂತನಾಗಿಯೇ ಬಂದ ಎಂದು ತಿಳಿಯಬೇಕು. ಆಮೇಲೆ ಮೆಡಿಕಲ್ ಕಾರಣಕ್ಕೆ ಹೊರಹೋದರೆ ಆ ಕೆಡುಕು ಸೇವೆಯಿಂದಲೇ ಆಯಿತೆಂದು ತಿಳಿಯಬೇಕು. ಸಾಬೀತು ಮಾಡುವ ಹೊರೆ ಸೈನಿಕನ ತಲೆಯ ಮೇಲಿಲ್ಲ, ಅನುಮಾನ ಬಂದರೆ ಅದರ ಲಾಭ ಅವನಿಗೇ.

ಕುಸ್ತಿ ಅಖಾಡ ಕಂಡವರಿಗೆ ಇದನ್ನು ಹೀಗೆ ಹೇಳುತ್ತೇನೆ. ಅಖಾಡಕ್ಕೆ ಇಳಿಸುವಾಗ ವಸ್ತಾದನೇ ಮೈ ಮುಟ್ಟಿ ನೋಡಿ ಗಟ್ಟಿ ಇದ್ದಾನೆ ಎಂದು ಒಪ್ಪಿದ್ದಾನೆ. ಹತ್ತು ವರ್ಷ ಆಡಿಸಿದ ಮೇಲೆ ಭುಜ ಹೋದರೆ, ಈ ಭುಜ ಮೊದಲೇ ಹೀಗಿತ್ತು ಎನ್ನುವ ಹಕ್ಕು ಅವನಿಗಿಲ್ಲ. ಹಾಗೆ ಅನ್ನುವುದಾದರೆ ಕಾರಣ ಕೊಡಬೇಕು.

2013ರ ಜುಲೈ 2ರ ಧರಮ್‌ವೀರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಆತ 1985ರಲ್ಲಿ ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ಗೆ ಸೇರಿದವನು, ಮೂರ್ಛೆಯ ಕಾರಣಕ್ಕೆ ಸುಮಾರು ಒಂಬತ್ತು ವರ್ಷಕ್ಕೆ ಹೊರಬಂದ. ಬೋರ್ಡು ಇದು ಹುಟ್ಟಿನಿಂದ ಬಂದ ಪ್ರಕೃತಿ, ಸೇವೆಗೆ ಸಂಬಂಧವಿಲ್ಲ ಎಂದಿತ್ತು. ಏಕೆ ಹಾಗೆ ಎನ್ನುವುದಕ್ಕೆ ಒಂದು ಸಾಲೂ ಇರಲಿಲ್ಲ. ಕಾರಣವಿಲ್ಲದ ಅಭಿಪ್ರಾಯ ನಿಲ್ಲುವುದಿಲ್ಲ ಎಂದು ಕೋರ್ಟು ಪಿಂಚಣಿ ಕೊಡಿಸಿತು. 2015ರ ರಾಜ್‌ಬೀರ್ ಸಿಂಗ್ ಪ್ರಕರಣದಲ್ಲಿ ಅದನ್ನೇ ಇನ್ನಷ್ಟು ಗಟ್ಟಿ ಮಾಡಿತು. 2025ರ ಮೇ ತಿಂಗಳಲ್ಲಿ ರಾಜುಮೋನ್ ಪ್ರಕರಣದಲ್ಲಿ, ಸ್ಕಿಜೋಫ್ರೇನಿಯಾದ ಕಾರಣಕ್ಕೆ ಹೊರಬಿದ್ದ ಸೈನಿಕನ ವಿಷಯದಲ್ಲೂ ಕಾರಣ ಬರೆಯದ ಬೋರ್ಡಿನ ಮಾತನ್ನು ಒಪ್ಪಲಿಲ್ಲ.

ಇಲ್ಲಿ ನನ್ನ ಹುಡುಗರು ಎಡವುವ ಜಾಗ ಒಂದಿದೆ. ಧರಮ್‌ವೀರ್ ತೀರ್ಪನ್ನು ಮೊಬೈಲಿನಲ್ಲಿ ತೋರಿಸಿ “ಇದರಾಗ ಎಲ್ಲಾ ಐತಿ” ಅನ್ನುತ್ತಾರೆ. ಅದು 1982ರ ನಿಯಮದ ಮೇಲೆ ನಿಂತ ತೀರ್ಪು. 2008ರಲ್ಲಿ ನಿಯಮದ ಪದಗಳನ್ನು ಬಿಗಿ ಮಾಡಿದರು. ಸೇವೆಗೂ ಕಾಯಿಲೆಗೂ ಕಾರಣದ ಕೊಂಡಿ ಇರಬೇಕು, ಸೇವೆಯಲ್ಲಿದ್ದಾಗ ಕಾಣಿಸಿಕೊಂಡಿತು ಎನ್ನುವುದೊಂದೇ ಸಾಲದು ಎಂಬ ಧಾಟಿ ಬಂತು. ಹೊರೆ ಮಾತ್ರ ಆಗಲೂ ಸಾಮಾನ್ಯವಾಗಿ ಸೈನಿಕನ ಮೇಲೆ ಹಾಕಲಿಲ್ಲ. ಆದರೆ ನಿವೃತ್ತಿಯಾಗಿ 15 ವರ್ಷ ಕಳೆದು, ಸೇವಾ ದಾಖಲೆಗಳನ್ನು ನಾಶಮಾಡಿದ ಮೇಲೆ ಅರ್ಜಿ ಹಾಕಿದರೆ ಸಾಬೀತು ಮಾಡುವ ಕೆಲಸ ಅವನದೇ ಎಂದು ಸೇರಿಸಿದರು. ಆಮೇಲೆ 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಬಂದಿವೆ. ಅಂಗವೈಕಲ್ಯವಿದ್ದೂ ಸೇವೆಯಲ್ಲಿ ಉಳಿದು ಅವಧಿ ಮುಗಿಸಿದವರಿಗೆ ಬರುವುದನ್ನು ಈಗ ‘ಇಂಪೇರ್‌ಮೆಂಟ್ ರಿಲೀಫ್’ ಎನ್ನುತ್ತಾರೆ. ನೀವು ಯಾವ ದಿನ ಹೊರಬಂದಿರಿ ಎನ್ನುವುದರ ಮೇಲೆ ನಿಮಗೆ ಯಾವ ಪುಸ್ತಕ ಅನ್ವಯ ಎಂದು ತೀರ್ಮಾನವಾಗುತ್ತದೆ. ಹಾಗಾಗಿ ಡಿಸ್ಚಾರ್ಜ್ ಬುಕ್ಕಿನ ತಾರೀಕು ನೋಡದೆ ನಾನು ಬಾಯಿ ಬಿಡುವುದಿಲ್ಲ.

ಅಥಣಿಯ ನಾಯಕ್ ಹೊರಬಂದದ್ದು 2022ರಲ್ಲಿ. ಅಂದರೆ 2008ರ ನಿಯಮ. ಅವನ ರಿಲೀಸ್ ಮೆಡಿಕಲ್ ಬೋರ್ಡಿನ ಫಾರಂ, ಎಎಫ್‌ಎಂಎಸ್‌ಎಫ್-16, ಬಿಡಿಸಿ ನೋಡಿದೆ. ಪರ್ಸೆಂಟ್ 30, ಜೀವನಪರ್ಯಂತ. ಪಕ್ಕದ ಕಾಲಂನಲ್ಲಿ ಒಂದೇ ಸಾಲು. ಶಾಂತ ಪ್ರದೇಶದಲ್ಲಿ ಪತ್ತೆಯಾದದ್ದು, ಆದ್ದರಿಂದ ನಾನಾ.

ಈ ‘ಶಾಂತ ಪ್ರದೇಶ’ ಎಂಬ ಮಾತು ಸುಮ್ಮನೆ ಬರೆದದ್ದಲ್ಲ. ಬೋರ್ಡಿನ ಡಾಕ್ಟರುಗಳು ಅನುಸರಿಸುವ ಕೈಪಿಡಿಯ ಪ್ರಕಾರ ಬಿಪಿಯಂಥ ಕಾಯಿಲೆ ಫೀಲ್ಡ್ ಏರಿಯಾದಲ್ಲೋ, ಎತ್ತರದ ಹಿಮಪ್ರದೇಶದಲ್ಲೋ, ಉಗ್ರರ ವಿರುದ್ಧದ ಕಾರ್ಯಾಚರಣೆಯ ಜಾಗದಲ್ಲೋ ಕಾಣಿಸಿಕೊಂಡರೆ ಸೇವೆಯಿಂದ ಹೆಚ್ಚಾಯಿತು ಎಂದು ಒಪ್ಪಬಹುದು. ಪೀಸ್ ಸ್ಟೇಷನ್ನಿನಲ್ಲಿ ಕಾಣಿಸಿಕೊಂಡರೆ ಕಷ್ಟ. ಸೈನಿಕರ ಗೋಳು ಏನೆಂದರೆ, ಫೀಲ್ಡಿನಲ್ಲಿ ಯಾರು ಬಿಪಿ ನೋಡುತ್ತಾರೆ? ಎರಡೂವರೆ ವರ್ಷ ರಜೌರಿಯಲ್ಲಿ ಇದ್ದು ಪೀಸಿಗೆ ಬಂದ ತಿಂಗಳಲ್ಲೇ ಆನುವಲ್ ಮೆಡಿಕಲ್ ಆಗುತ್ತದೆ, ಮೆಷಿನ್ 160 ತೋರಿಸುತ್ತದೆ. ರೋಗ ಹುಟ್ಟಿದ ಜಾಗವೂ ಪತ್ತೆಯಾದ ಜಾಗವೂ ಒಂದೇ ಎಂದು ಕಾಗದ ಹೇಳುತ್ತದೆ. ಮೈಗೆ ಗೊತ್ತು, ಕಾಗದಕ್ಕೆ ಗೊತ್ತಿಲ್ಲ.

ಹಾಗಾಗಿ ನಾನು ಮಾಡುವುದು ಇಷ್ಟೇ. ತಂದ ಚೀಲದ ಕಾಗದವನ್ನೆಲ್ಲ ನೆಲದ ಮೇಲೆ ಹರಡಿ ತಾರೀಕಿನ ಪ್ರಕಾರ ಜೋಡಿಸುವುದು. ಭರ್ತಿಯ ಮೆಡಿಕಲ್ ಒಂದು ತುದಿಗೆ, ರಿಲೀಸ್ ಬೋರ್ಡ್ ಇನ್ನೊಂದು ತುದಿಗೆ. ನಡುವೆ ಪ್ರತಿ ಪೋಸ್ಟಿಂಗ್, ಪ್ರತಿ ಆಸ್ಪತ್ರೆ ಚೀಟಿ. ಅಥಣಿಯ ನಾಯಕ್‌ನ ಕಾಗದ ಹೀಗೆ ಹರಡಿದ ದಿನ ಅವನ ಹೆಂಡತಿ ಚಹಾ ಹಿಡಿದುಕೊಂಡು ಬಂದು ಕಾಲಿಡಲು ಜಾಗವಿಲ್ಲದೆ ಬಾಗಿಲಲ್ಲೇ ನಿಂತಿದ್ದಳು. ಸುಮಾರು ಒಂದು ತಾಸಾದ ಮೇಲೆ, ಮಡಿಚಿ ಮಡಿಚಿ ಅಂಚು ಹರಿದ ಒಂದು ಹಳದಿ ಚೀಟಿ ಸಿಕ್ಕಿತು. ಫೀಲ್ಡ್ ಆಸ್ಪತ್ರೆಯ ಒಪಿಡಿ ಚೀಟಿ. ಜ್ವರ ಎಂದು ಹೋಗಿದ್ದ. ಪ್ಯಾರಾಸಿಟಮಾಲ್ ಬರೆದಿದ್ದಾರೆ. ಮೇಲಿನ ಮೂಲೆಯಲ್ಲಿ ಪೆನ್ಸಿಲಿನಲ್ಲಿ ‘ಬಿಪಿ 150/100, ಎರಡು ವಾರ ಬಿಟ್ಟು ಮತ್ತೆ ನೋಡಬೇಕು’. ಎರಡು ವಾರ ಬಿಟ್ಟು ಇವನು ಪೆಟ್ರೋಲಿಂಗಿನಲ್ಲಿದ್ದ, ಯಾರೂ ನೋಡಲಿಲ್ಲ. ಪೀಸಿಗೆ ಬರುವುದಕ್ಕೆ ಹನ್ನೊಂದು ತಿಂಗಳು ಮೊದಲಿನ ತಾರೀಕು.

“ಇದು ಜ್ವರದ ಚೀಟಿ ಅಲ್ಲೇನ್ರಿ ಅಣ್ಣಾ, ಒಗೀಬೇಕಂತ ಇಟ್ಟಿದ್ದೆ” ಅಂದ.

ಸೇವೆಯಲ್ಲಿ ಇರುವವರಿಗೆ ನಾನು ಹೇಳುವುದಕ್ಕೆ ಇದೇ ಕಾರಣ. ಶೇಪ್-1ರಿಂದ ಕೆಳಗಿಳಿಸಿದ ದಿನವೇ ಆ ಬೋರ್ಡಿನ ಪ್ರತಿ ಕೇಳಿ ತೆಗೆದುಕೊಳ್ಳಿ. (ಎಸ್ ಅಂದರೆ ಮನಸ್ಸು, ಎಚ್ ಅಂದರೆ ಕಿವಿ, ಎ ಕೈಕಾಲು, ಪಿ ಒಳದೇಹ, ಇ ಕಣ್ಣು. ಐದರಲ್ಲಿ ಒಂದು ಇಳಿದರೂ ನೀವು ಲೋ ಮೆಡಿಕಲ್ ಕೆಟಗರಿ.) ರಿಲೀಸ್ ಬೋರ್ಡಿನ ದಿನ ಮನೆಗೆ ಹೋಗುವ ಖುಷಿಯಲ್ಲಿ ತೋರಿಸಿದಲ್ಲೆಲ್ಲ ಸಹಿ ಹಾಕಬೇಡಿ. ಕಾಯಿಲೆ ಎಲ್ಲಿ ಶುರುವಾಯಿತು ಎಂಬ ಪ್ರಶ್ನೆ ಆ ಫಾರಂನಲ್ಲೇ ಇರುತ್ತದೆ, ಅದಕ್ಕೆ ಉತ್ತರ ಬರೆಯುವವರು ನೀವು. ಬಹಳ ಜನ ಅಲ್ಲಿ ಈಗಿನ ಸ್ಟೇಷನ್ನಿನ ಹೆಸರು ಬರೆದು ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಳ್ಳುತ್ತಾರೆ.

ನಿರಾಕರಣೆಯ ಪತ್ರ ಬಂದ ಮೇಲೆ ದಾರಿ ಹೀಗಿದೆ. ಆರು ತಿಂಗಳೊಳಗೆ ಮೊದಲ ಅಪೀಲು, ಅದು ಬಿದ್ದರೆ ಮತ್ತೆ ಆರು ತಿಂಗಳೊಳಗೆ ಎರಡನೆಯದು. ಎರಡನ್ನೂ ರೆಕಾರ್ಡ್ಸ್ ಆಫೀಸಿನ ಮೂಲಕ ಕಳಿಸಬಹುದು. ಮರಾಠಾ ಲೈಟ್ ಇನ್‌ಫೆಂಟ್ರಿಯವರಾದರೆ ಬೆಳಗಾವಿ, ಬಾಂಬೆ ಸ್ಯಾಪರ್ಸ್ ಆದರೆ ಇಲ್ಲೇ ಖಡಕಿ. ಸಾದಾ ಕಾಗದದಲ್ಲಿ ಬರೆದರೂ ನಡೆಯುತ್ತದೆ, ವಕೀಲರು ಬೇಕೆಂದಿಲ್ಲ. ಅಮ್ಮನ ಆಣೆ, ದೇಶಸೇವೆ, ಮೂರು ಹೆಣ್ಣುಮಕ್ಕಳು ಎಂದೆಲ್ಲ ನಾಲ್ಕು ಪುಟ ಬರೆಯುವವರಿದ್ದಾರೆ. ಅಪೀಲು ಓದುವವರು ಹುಡುಕುವುದು ತಾರೀಕು, ಜಾಗ, ಕಾಗದದ ನಂಬರ್. ಒಂದು ಪುಟ ಸಾಕು.

ಅಲ್ಲೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ, ನಮ್ಮ ಬಾಯಲ್ಲಿ ಎಎಫ್‌ಟಿ. 2007ರ ಕಾಯ್ದೆಯಿಂದ ಹುಟ್ಟಿ 2009ರಲ್ಲಿ ಶುರುವಾದದ್ದು. ಪುಣೆ, ಗೋವಾದವರಿಗೆ ಮುಂಬೈ ಪೀಠ. ಕೊನೆಯ ಆದೇಶ ಬಂದ ಆರು ತಿಂಗಳೊಳಗೆ ಹೋಗಬೇಕು, ತಡವಾದರೆ ಕಾರಣ ಕೊಟ್ಟು ಮಾಫಿ ಕೇಳಬಹುದು. ನಿಮ್ಮ ಅಪೀಲಿಗೆ ಇಲಾಖೆ ಆರು ತಿಂಗಳು ಉತ್ತರವನ್ನೇ ಕೊಡದಿದ್ದರೆ, ಕಾಯುತ್ತ ಕೂರಬೇಕಿಲ್ಲ, ನೇರ ಹೋಗಬಹುದು. ಅಲ್ಲೂ ಸೋತರೆ ಹೈಕೋರ್ಟಿನ ರಿಟ್ ದಾರಿ ತೆರೆದಿದೆ ಎಂದು ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ಹೇಳಿದೆ. ಖರ್ಚಿನ ಚಿಂತೆ ಇದ್ದವರಿಗೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗಳಲ್ಲಿ ಉಚಿತ ಕಾನೂನು ನೆರವು ಕೊಡಲು ‘ವೀರ ಪರಿವಾರ ಸಹಾಯತಾ ಯೋಜನೆ’ 2025ರ ಜುಲೈನಲ್ಲಿ ಶುರುವಾಗಿದೆ.

ತಡ ಮಾಡಿದರೆ ಏನು ನಷ್ಟ? ಹಕ್ಕು ಸಾಯುವುದಿಲ್ಲ. ಪಿಂಚಣಿ ತಿಂಗಳು ತಿಂಗಳೂ ಬರಬೇಕಾದದ್ದು, ಪ್ರತಿ ತಿಂಗಳೂ ಅನ್ಯಾಯ ಮುಂದುವರಿಯುತ್ತಿರುತ್ತದೆ ಎಂದು 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ. ಆದರೆ ಬಾಕಿ ಹಣವನ್ನು ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಮೂರು ವರ್ಷಕ್ಕೆ ಕತ್ತರಿಸುತ್ತಾರೆ. ಹತ್ತು ವರ್ಷ ಟ್ರಂಕಿನಲ್ಲಿ ಕಾಗದ ಇಟ್ಟವನಿಗೆ ಏಳು ವರ್ಷದ ಹಣ ಹೋಯಿತು ಎಂದೇ ಲೆಕ್ಕ. ತಿಂಗಳಿಗೆ 6,000 ಹಿಡಿದರೂ ತುಟ್ಟಿಭತ್ಯೆ ಬಿಟ್ಟು ಐದು ಲಕ್ಷ ದಾಟುತ್ತದೆ.

ಸಣ್ಣಪುಟ್ಟ ಪ್ರಶ್ನೆಗಳು ಕೆಲವು ಬರುತ್ತಲೇ ಇರುತ್ತವೆ. ವರ್ಷಾ ವರ್ಷ ಮತ್ತೆ ಬೋರ್ಡು ನಡೆಸುತ್ತಾರಾ? ಶಾಶ್ವತ ಎಂದು ಬರೆದ ಮೇಲೆ ನೀವೇ ಕೇಳದ ಹೊರತು ಇಲ್ಲ, 2001ರಿಂದ ಆ ಕಾಟ ತಪ್ಪಿದೆ. ಸ್ವಂತ ಇಚ್ಛೆಯಿಂದ ಬೇಗ ನಿವೃತ್ತಿ ತೆಗೆದುಕೊಂಡರೆ? 2006ರ ಜನವರಿ 1ರಿಂದ ಈಚೆಗೆ ಹೊರಬಂದವರಿಗೆ ಅಡ್ಡಿಯಿಲ್ಲ. ಪೂರ್ತಿ 100 ಪರ್ಸೆಂಟ್ ಆಗಿ, ಸದಾ ಒಬ್ಬರು ಪಕ್ಕದಲ್ಲಿ ಬೇಕೇ ಬೇಕು ಎಂದು ಬೋರ್ಡು ಹೇಳಿದರೆ ಕಾನ್ಸ್ಟಂಟ್ ಅಟೆಂಡೆನ್ಸ್ ಅಲೋವೆನ್ಸ್ ಬೇರೆ ಇದೆ, ಏಳನೇ ವೇತನ ಆಯೋಗದಲ್ಲಿ ಅದನ್ನು 4,500ರಿಂದ 6,750ಕ್ಕೆ ಏರಿಸಿದರು. ಹತ್ತು ವರ್ಷ ತುಂಬುವ ಮೊದಲೇ, ಅದೂ ‘ನಾನಾ’ ಬಿದ್ದು, ಬೋರ್ಡ್ ಔಟ್ ಆದ ಹುಡುಗರಿಗೆ ಮೊದಲು ಬರೀ ಗ್ರಾಚ್ಯುಟಿ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು. 2019ರ ಜನವರಿ 4ರಂದು ಅಥವಾ ಆಮೇಲೆ ಸೇವೆಯಲ್ಲಿದ್ದವರಿಗೆ, ಹೊರಗಿನ ಕೆಲಸಕ್ಕೂ ಆಗದಷ್ಟು ಅಸಮರ್ಥರಾಗಿದ್ದರೆ, ಇನ್‌ವ್ಯಾಲಿಡ್ ಪೆನ್ಶನ್ ಕೊಡುವ ತೀರ್ಮಾನ 2020ರ ಜುಲೈನಲ್ಲಿ ಆಯಿತು. ಆದಾಯ ತೆರಿಗೆಯ ವಿನಾಯಿತಿ ಬೋರ್ಡ್ ಔಟ್ ಆದವರಿಗೆ ಮಾತ್ರ ಎಂದು 2019ರ ಜೂನ್‌ನಲ್ಲಿ ಸಿಬಿಡಿಟಿ (ಕೇಂದ್ರ ನೇರ ತೆರಿಗೆ ಮಂಡಳಿ) ಸುತ್ತೋಲೆ ಹೊರಡಿಸಿತು, ಅದರ ಮೇಲೂ ಕೋರ್ಟಿನ ಜಗಳ ನಡೆದಿದೆ. ತೆರಿಗೆಯ ಮಾತನ್ನು ನಾನು ಸಿಎಗಳಿಗೇ ಬಿಡುತ್ತೇನೆ.

ಹಣದ ಆಚೆಗೂ ಒಂದಿಷ್ಟು ಇದೆ, ಪುಣೆಯಲ್ಲಿರುವವರಿಗೆ ಅದು ಕೈಗೆಟಕುವ ದೂರದಲ್ಲೇ ಇದೆ. ಕೃತಕ ಅಂಗ ಕೇಂದ್ರ 1944ರಿಂದ ಇದೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಖಡಕಿಯಲ್ಲಿ ಪ್ಯಾರಾಪ್ಲೀಜಿಕ್ ಪುನರ್ವಸತಿ ಕೇಂದ್ರ ಇದೆ, ಕೆಲಸ ಕಲಿಯುವವರಿಗೆ ಅಲ್ಲೇ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಇದೆ. 1965ರ ಯುದ್ಧದಲ್ಲಿ ಗುಂಡು ತಿಂದ, ಸೇನೆಯ ಯಂತ್ರ ದುರಸ್ತಿ ವಿಭಾಗವಾದ ಇಎಂಇಯ ಮುರಳಿಕಾಂತ್ ಪೇಟ್ಕರ್ 1972ರಲ್ಲಿ ಹೈಡಲ್‌ಬರ್ಗ್‌ನ ಈಜುಕೊಳದಿಂದ ಭಾರತಕ್ಕೆ ಪ್ಯಾರಾಲಿಂಪಿಕ್ಸ್‌ನ ಮೊದಲ ಚಿನ್ನ ತಂದವರು. ಅವರ ಹೆಸರು ಹೇಳಿ ಹುರುಪು ತುಂಬಲು ಹೋದರೆ ಕೆಲವರು ನಗುತ್ತಾರೆ. “ಅವರು ಈಜಿದ್ರು ಅಣ್ಣಾ, ನಾವು ಪಿಪಿಒ ಕಾಗದದಾಗ ಮುಳುಗೇವಿ.” (ಪಿಪಿಒ ಅಂದರೆ ಪಿಂಚಣಿ ಪಾವತಿ ಆದೇಶ.)

ಅಥಣಿಯ ನಾಯಕ್‌ನ ಕತೆಗೆ ಬರುತ್ತೇನೆ. ನಿರಾಕರಣೆಯ ಪತ್ರ ಎರಡು ವರ್ಷ ಟಿವಿ ಸ್ಟ್ಯಾಂಡಿನ ಡ್ರಾಯರಿನಲ್ಲಿ ಮಲಗಿತ್ತು. ತಡಕ್ಕೆ ಕ್ಷಮೆ ಕೇಳಿ, ಹಳದಿ ಚೀಟಿಯ ಪ್ರತಿ ಹಚ್ಚಿ, ಒಂದು ಪುಟದ ಮೊದಲ ಅಪೀಲು ಕಳಿಸಿದೆವು. ಏಳು ತಿಂಗಳಿಗೆ ಉತ್ತರ ಬಂತು. ಬೋರ್ಡು ಬರೆದ ಸಾಲನ್ನೇ ಮತ್ತೆ ಟೈಪ್ ಮಾಡಿದ್ದರು. ಚೀಟಿಯ ಬಗ್ಗೆ ಅಕ್ಷರ ಇಲ್ಲ. ಅವನು ಕುಗ್ಗಿಹೋದ, ನನಗೆ ಒಳಗೊಳಗೇ ಸಮಾಧಾನವಾಯಿತು. ಕಣ್ಣ ಮುಂದಿನ ದಾಖಲೆಯನ್ನು ನೋಡದೆ ಕೊಟ್ಟ ಉತ್ತರ ಎಂದರೆ ಮುಂದಿನವರ ಮುಂದೆ ನಮಗೆ ಹಿಡಿಯಲು ಒಂದು ಹಿಡಿ ಸಿಕ್ಕಂತೆ. ಎರಡನೆಯ ಅಪೀಲು ಹೋಗಿ ಈಗ ಐದು ತಿಂಗಳಾಯಿತು. ಇನ್ನೊಂದು ತಿಂಗಳು ಸುಮ್ಮನಿದ್ದರೆ ಮುಂಬೈ.

ಕಳೆದ ಭಾನುವಾರ ಫೋನು ಮಾಡಿದ್ದ. ಹಿಂದೆ ಝೆರಾಕ್ಸ್ ಮೆಷಿನ್ನಿನ ಸದ್ದು.

“ಅಣ್ಣಾರ, ಆ ಚೀಟಿ ಭಾಳ ಹರದೈತಿ. ಲ್ಯಾಮಿನೇಶನ್ ಮಾಡಸಾಕ ಕೊಡ್ಲೇನ್ರಿ?”

“ಮುಟ್ಟಬ್ಯಾಡ. ಪೆನ್ಸಿಲಿನ ಅಕ್ಷರ ಕಾವಿಗೆ ಹಾರಿ ಹೋದಾವು. ಹಂಗ ಒಂದು ಪ್ಲಾಸ್ಟಿಕ್ ಫೋಲ್ಡರಿನ್ಯಾಗ ಇಡು, ನಾಲ್ಕು ಝೆರಾಕ್ಸ್ ತಗೋ.”

“ಕಲರ್ ತಗೀಸ್ಲಿ ಅಂದ್ರ?”

“ಕಲರ್ ತಗಿಸು” ಅಂದೆ.